ಮರಿ ಬಂದ ಮನೆಯ ಹಳೇ ನಾಯಿ

ಕಾರ್ತಿಕ ಕಳೆದು ಚಳಿ ಕಾಲಿಟ್ಟಿತೆಂದರೆ ಶಿಕಾರಿಪುರ, ಸೊರಬ ತಾಲ್ಲೂಕಿನ ಹಳ್ಳಿಗಳಲ್ಲಿ ಹುಲ್ಲಿನ ಬಣವೆಯ ಸಂದಿಯಿಂದ, ಹಾಳುಬಿದ್ದ ಕೊಟ್ಟಿಗೆಯ ಮೂಲೆಯಿಂದ ನಾಯಿಮರಿಗಳ ಕುಂಯ್‌ಗುಟ್ಟುವ ಸದ್ದು ಕೇಳತೊಡಗುತ್ತದೆ. ಊರನಾಯಿಗಳು ಬೆದೆಗೆ ಬರುವುದು ಹೆಚ್ಚಾಗಿ ಮಳೆ ಹಿಂದೆ ಸರಿಯುವ ತಿಂಗಳುಗಳಲ್ಲಿ. ಗರ್ಭದ ಅವಧಿ ಸುಮಾರು 63 ದಿನ. ಹೀಗಾಗಿ ಮೆಕ್ಕೆಜೋಳ ಮನೆ ಸೇರಿ ಅಡಿಕೆ ಕೊಯ್ಲು ಜೋರಾಗುವ ಹೊತ್ತಿಗೆ ಮರಿಗಳೂ ಸಿಗುತ್ತವೆ. ಹಂದಿ, ಮಂಗಗಳ ಕಾಟಕ್ಕೆ ಬೆಳೆ ಕಳೆದುಕೊಂಡವರು "ಒಂದು ನಾಯಿ ಸಾಲಲ್ಲ" ಎಂದು ಇನ್ನೊಂದನ್ನು ಎತ್ತಿಕೊಂಡು ಬರುವುದು ಈ ದಿನಗಳಲ್ಲೇ. ಮನೆಯಲ್ಲಿ ಮೊದಲಿನಿಂದ ಇದ್ದ ನಾಯಿಯ ವರಸೆ ಬದಲಾಗುವುದೂ ಆಗಲೇ.

ಅದುವರೆಗೆ ತನ್ನ ಪಾಡಿಗೆ ಅಂಗಳದಲ್ಲಿ ಬಿದ್ದಿರುತ್ತಿದ್ದ ನಾಯಿ ಈಗ ಯಾರ ಕೈ ಮರಿಯ ಮೇಲೆ ಬಿದ್ದರೂ ಎದ್ದು ಬರುತ್ತದೆ. ನಡುವೆ ತೂರಿಕೊಳ್ಳುತ್ತದೆ, ಮೂತಿಯಿಂದ ಕೈಯನ್ನು ಎತ್ತುತ್ತದೆ, ತನ್ನ ತಟ್ಟೆಯಲ್ಲಿ ಅನ್ನ ಇದ್ದರೂ ಮರಿಯ ತಟ್ಟೆಗೆ ಬಾಯಿ ಹಾಕುತ್ತದೆ. ಮೂರನೆಯ ದಿನಕ್ಕೋ ನಾಲ್ಕನೆಯ ದಿನಕ್ಕೋ ಮರಿಯ ಕಿವಿ ಹರಿದಿರುತ್ತದೆ. ಕೇಳಿದರೆ ಮನೆಯವರ ಉತ್ತರ ಒಂದೇ: "ಅದಕ್ಕೆ ಹೊಟ್ಟೆಕಿಚ್ಚು ಕಣ್ರೀ." ಹೊಟ್ಟೆಕಿಚ್ಚು ಎಂದು ಹೇಳಿ ಮುಗಿಸಿದರೆ ನಾಯಿಯ ಗುಣದ ಮೇಲೆ ತಪ್ಪು ಹೊರಿಸಿದಂತಾಗುತ್ತದೆಯೇ ಹೊರತು ಮಾಡಬೇಕಾದ್ದು ಏನೆಂದು ತಿಳಿಯುವುದಿಲ್ಲ. ನಾನು ನೋಡಿದ ಮಟ್ಟಿಗೆ, ಈ ಜಗಳಗಳಲ್ಲಿ ನಾಯಿಯ ಗುಣಕ್ಕಿಂತ ದೊಡ್ಡ ಪಾತ್ರ ಮನೆಯ ಏರ್ಪಾಟಿನದು. ಯಾರಿಗೆ ಯಾವಾಗ ಊಟ, ಯಾರನ್ನು ಎಲ್ಲಿ ಕಟ್ಟುತ್ತೇವೆ, ಯಾರ ಮುಂದೆ ಯಾರನ್ನು ಮುದ್ದಿಸುತ್ತೇವೆ ಎಂಬುದನ್ನು ಬದಲಿಸಿದರೆ ಬಹಳಷ್ಟು ನಾಯಿಗಳು ತಾವಾಗಿಯೇ ತಣ್ಣಗಾಗುತ್ತವೆ.

ಆನವಟ್ಟಿ ಕಡೆಯ ಒಂದು ಮನೆಯ ಜಗಲಿಯಲ್ಲಿ ಕಂಡದ್ದನ್ನು ಹೇಳುತ್ತೇನೆ. ಸಂಜೆ ಅಡಿಕೆ ಸುಲಿದು ಮುಗಿಸಿದ ಆ ಮನೆಯ ಅಕ್ಕ ಮೆಟ್ಟುಗತ್ತಿ ಬದಿಗಿಟ್ಟು, ಕೈ ಒರೆಸಿಕೊಂಡು ಮರಿಯನ್ನು ತೊಡೆಯ ಮೇಲೆ ಎತ್ತಿಕೊಂಡರು. ಅಂಗಳದ ಆಚೆ ಮಲಗಿದ್ದ ಹಳೇ ನಾಯಿ ಕರಿಯ ಎದ್ದ. ಓಡಿ ಬರಲಿಲ್ಲ, ಒಂದೊಂದೇ ಹೆಜ್ಜೆ ಇಟ್ಟು ಬಂದ. ಬಾಯಿ ಮುಚ್ಚಿತ್ತು, ಬಾಲ ಮೇಲೆದ್ದು ಬಿಗಿಯಾಗಿತ್ತು. ಮರಿಯ ಕಡೆ ನೇರ ನೋಡದೆ ಮುಖ ಪಕ್ಕಕ್ಕೆ ತಿರುಗಿಸಿ ಓರೆಗಣ್ಣಿನಲ್ಲಿ ನೋಡುತ್ತಿದ್ದುದರಿಂದ ಕಣ್ಣಿನ ಬಿಳಿ ಅರ್ಧಚಂದ್ರದಂತೆ ಕಾಣುತ್ತಿತ್ತು. ಅಕ್ಕನ ಮೊಣಕಾಲಿಗೆ ಮೈ ಆನಿಸಿ ನಿಂತ. ಒಂದು ಸಲ ಮೂಗು ನೆಕ್ಕಿಕೊಂಡ. ಆಮೇಲೆ ಇಡೀ ಮೈ ಅಲುಗಾಡದೆ ನಿಂತುಬಿಟ್ಟ, ಗಂಟಲೊಳಗಿಂದ ಸಣ್ಣಗೆ ಗುರ್ ಅಂದ. "ಏ ಕರಿಯ, ನಿಂಗೇನಾತೋ, ಹೋಗಾಚೆ!" ಎಂದು ಅವರು ಅಡಿಕೆ ಸಿಪ್ಪೆ ಎಸೆದರು. ಕರಿಯ ಬಾಲ ಮುದುರಿಕೊಂಡು ಹೋದ. ಮರಿ ತೊಡೆಯ ಮೇಲೆಯೇ ಉಳಿಯಿತು.

ಇಷ್ಟರಲ್ಲಿ ಕರಿಯ ಕಲಿತದ್ದೇನು? ಮರಿ ಅಕ್ಕನ ಹತ್ತಿರ ಇದ್ದಾಗ ತನಗೆ ಬೈಗುಳ, ಏಟು. ಮರಿ ಇಲ್ಲದಾಗ ಅದೇ ಅಕ್ಕ ತಲೆ ಸವರುತ್ತಾರೆ, "ಪಾಪ, ಬಾರೋ" ಎನ್ನುತ್ತಾರೆ. ಅಂದ ಮೇಲೆ ಮರಿಯೇ ತನ್ನ ಕಷ್ಟದ ಗುರುತು. ಇಂಥ ಪಾಠವನ್ನು ದಿನಕ್ಕೆ ಹತ್ತು ಸಲ ಹೇಳಿಕೊಟ್ಟರೆ ಎಂಥ ಸಾಧು ನಾಯಿಯೂ ಮರಿಯನ್ನು ಸಹಿಸುವುದಿಲ್ಲ.

ನಾಯಿಗೆ ಮತ್ಸರ ಎಂಬ ಭಾವ ನಿಜವಾಗಿ ಉಂಟೇ ಎಂಬ ಪ್ರಶ್ನೆ ಹಳೆಯದು. ಯಜಮಾನನ ಪ್ರೀತಿ ಬೇರೊಂದು ಜೀವಿಯ ಪಾಲಾದರೆ ನಾಯಿ ಮತ್ಸರಿಸುತ್ತದೆ ಎಂದು ಚಾರ್ಲ್ಸ್ ಡಾರ್ವಿನ್ 1871ರಲ್ಲೇ ಬರೆದಿದ್ದ. ಅದನ್ನು ಪ್ರಯೋಗಕ್ಕೆ ಒಡ್ಡಿದವರು ಸ್ಯಾನ್ ಡಿಯಾಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕ್ರಿಸ್ಟೀನ್ ಹ್ಯಾರಿಸ್ ಮತ್ತು ಕ್ಯಾರೊಲಿನ್ ಪ್ರುವೋಸ್ಟ್. 2014ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ 36 ನಾಯಿಗಳಿದ್ದವು. ಯಜಮಾನರು ತಮ್ಮ ನಾಯಿಯನ್ನು ಲೆಕ್ಕಿಸದೆ ಮೂರು ವಸ್ತುಗಳಲ್ಲಿ ಮಗ್ನರಾಗಬೇಕಿತ್ತು: ಬೊಗಳಿ ಬಾಲ ಅಲ್ಲಾಡಿಸುವ ಒಂದು ಆಟಿಕೆ ನಾಯಿ, ಒಂದು ಪ್ಲಾಸ್ಟಿಕ್ ಬಕೆಟ್ಟು, ಒಂದು ಮಕ್ಕಳ ಪುಸ್ತಕ. ಆಟಿಕೆ ನಾಯಿಯನ್ನು ಮುದ್ದಿಸಿದಾಗ ಶೇ 78ರಷ್ಟು ನಾಯಿಗಳು ಯಜಮಾನರನ್ನು ತಳ್ಳಿದವು, ಮುಟ್ಟಿ ಕರೆದವು. ಬಕೆಟ್ಟಿಗೆ ಹಾಗೆ ಮಾಡಿದ್ದು ಶೇ 42, ಪುಸ್ತಕಕ್ಕೆ ಶೇ 22. ಕಾಲು ಭಾಗದಷ್ಟು ನಾಯಿಗಳು ಆಟಿಕೆ ನಾಯಿಗೆ ಬಾಯಿ ಹಾಕಿದವು. 2021ರಲ್ಲಿ ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದ ಅಮಾಲಿಯಾ ಬಾಸ್ಟೋಸ್ ಮತ್ತು ಸಂಗಡಿಗರು 18 ನಾಯಿಗಳ ಮೇಲೆ ಇನ್ನೊಂದು ಪ್ರಯೋಗ ಮಾಡಿದರು. ಯಜಮಾನ ನಕಲಿ ನಾಯಿಯನ್ನು ಸವರುವುದು ಮರೆಯ ಹಿಂದೆ ನಡೆಯುತ್ತಿತ್ತು. ಕಣ್ಣಿಗೆ ಕಾಣದಿದ್ದರೂ ನಾಯಿಗಳು ಹಗ್ಗ ಜಗ್ಗಿ ಅತ್ತ ಹೋಗಲು ನೋಡಿದವು.

ಇದು ಮನುಷ್ಯರ ಮತ್ಸರದಂಥದ್ದೇ ಹೌದೋ ಅಲ್ಲವೋ ಎಂಬ ಬಗ್ಗೆ ವಿಜ್ಞಾನಿಗಳಲ್ಲೇ ಒಮ್ಮತವಿಲ್ಲ. ನಮ್ಮ ಅಂಗಳದ ಮಟ್ಟಿಗೆ ಅದು ಇತ್ಯರ್ಥವಾಗಬೇಕಿಲ್ಲ. ನಾಯಿಗೆ ತನ್ನದೆನಿಸಿದ್ದು ಕೈತಪ್ಪುವ ಅಂಜಿಕೆ ಇದೆ. ಅನ್ನ, ಮಲಗುವ ಜಾಗ, ಯಜಮಾನನ ಕೈ ಮೂರೂ ಅದರ ಲೆಕ್ಕದಲ್ಲಿ ಕಾಯಬೇಕಾದ ಆಸ್ತಿಗಳು. ಇನ್ನೊಂದು ಸಂಗತಿ ನನಗೆ ಬಹಳ ಉಪಯೋಗದ್ದೆನಿಸಿದೆ. ಫ್ರೀಡರಿಕೆ ರೇಂಜ್ ಮತ್ತು ಸಂಗಡಿಗರು ಆಸ್ಟ್ರಿಯಾದ ವಿಯೆನ್ನಾದಲ್ಲಿ ಜೋಡಿ ನಾಯಿಗಳನ್ನು ಪಕ್ಕಪಕ್ಕ ಕೂರಿಸಿ ಕೈ ಕೊಡಲು ಹೇಳಿದರು. ಇಬ್ಬರೂ ಕೈ ಕೊಟ್ಟರೂ ತಿನಿಸು ಒಬ್ಬನಿಗೆ ಮಾತ್ರ. ಸಿಗದ ನಾಯಿ ಸ್ವಲ್ಪ ಹೊತ್ತಿಗೆ ಕೈ ಕೊಡುವುದನ್ನೇ ನಿಲ್ಲಿಸಿತು. ಆದರೆ ಒಬ್ಬನಿಗೆ ಮಾಂಸ, ಇನ್ನೊಬ್ಬನಿಗೆ ಬ್ರೆಡ್ಡು ಕೊಟ್ಟಾಗ ನಾಯಿಗಳು ತಕರಾರು ಮಾಡಲಿಲ್ಲ. 2009ರಲ್ಲಿ ಬಂದ ಈ ಅಧ್ಯಯನದಿಂದ ನಾವು ತಿಳಿಯಬೇಕಾದ್ದಿಷ್ಟು: ಹಳೇ ನಾಯಿಗೂ ಮರಿಗೂ ತೂಗಿ ನೋಡಿ ಸರಿಸಮ ಹಂಚಬೇಕಿಲ್ಲ. ಒಂದಕ್ಕೆ ಸಿಗುವಾಗ ಇನ್ನೊಂದು ಬರಿಗೈಯಲ್ಲಿ ನೋಡುತ್ತ ನಿಲ್ಲುವ ಪರಿಸ್ಥಿತಿ ಬರಬಾರದು, ಅಷ್ಟೇ.

"ಅದಕ್ಕೆ ಯಜಮಾನಿಕೆ ಬೇಕು, ನಾಲ್ಕು ಬಿಗಿದರೆ ಸರಿಹೋಗುತ್ತೆ" ಎನ್ನುವವರು ಪ್ರತಿ ಊರಲ್ಲೂ ಸಿಗುತ್ತಾರೆ. ಈ ಯಜಮಾನಿಕೆಯ ಸಿದ್ಧಾಂತದ ಮೂಲ, ಬೋನಿನಲ್ಲಿ ಕೂಡಿಹಾಕಿದ್ದ ತೋಳಗಳನ್ನು ನೋಡಿ ರುಡಾಲ್ಫ್ ಶೆಂಕೆಲ್ 1947ರಲ್ಲಿ ಬರೆದ ಪ್ರಬಂಧ. ತೋಳಗಳ ತಜ್ಞ ಡೇವಿಡ್ ಮೀಚ್ 1970ರ ತಮ್ಮ ಪುಸ್ತಕದಲ್ಲಿ ಅದನ್ನು ಜನಪ್ರಿಯಗೊಳಿಸಿದರು. ಮುಂದೆ ಕಾಡಿನಲ್ಲಿ ವರ್ಷಗಟ್ಟಲೆ ತೋಳಗಳ ಜೊತೆ ಕಳೆದ ಅವರೇ, ತೋಳದ ಗುಂಪೆಂದರೆ ಅಪ್ಪ, ಅಮ್ಮ, ಮಕ್ಕಳಿರುವ ಸಂಸಾರ, ಅಲ್ಲಿ ಹೊಡೆದಾಡಿ ಗೆದ್ದ ನಾಯಕ ಎಂಬುದಿಲ್ಲ ಎಂದು 1999ರಲ್ಲಿ ಬರೆದರು. ಹೊಡೆಯುವವರ ಕೈಗೆ ಸಿಕ್ಕ ಹಳೆಯ ಸಿದ್ಧಾಂತ ಮಾತ್ರ ಇನ್ನೂ ಉಳಿದಿದೆ.

ಹೊಡೆತದಿಂದ ಆಗುವ ದೊಡ್ಡ ಕೆಡುಕು ಬೇರೆ. ಗುರ್ ಎನ್ನುವುದು ನಾಯಿ ಕೊಡುವ ಎಚ್ಚರಿಕೆ. "ಇದು ನನಗೆ ಆಗುತ್ತಿಲ್ಲ, ದೂರ ಇರಿ" ಎಂದು ಅದು ಬಾಯಿಬಿಟ್ಟು ಹೇಳುವ ರೀತಿ ಇದು. ಗುರುಗುಟ್ಟಿದಾಗಲೆಲ್ಲ ಕೋಲು ಬಿದ್ದರೆ ನಾಯಿ ಗುರುಗುಟ್ಟುವುದನ್ನು ಬಿಡುತ್ತದೆ, ಅಂಜಿಕೆ ಒಳಗೇ ಇರುತ್ತದೆ. ಮುಂದಿನ ಸಲ ಸದ್ದಿಲ್ಲದೆ ಕಚ್ಚುತ್ತದೆ. "ಏನೂ ಮಾಡ್ತಿರ್ಲಿಲ್ಲ, ಇದ್ದಕ್ಕಿದ್ದಂಗೆ ಹಿಡೀತು" ಎಂದು ದೂರುವ ಮನೆಗಳಲ್ಲಿ ಹಿಂದಿನ ಕತೆ ಕೇಳಿದರೆ ಹೆಚ್ಚಾಗಿ ಇದೇ ಹೊರಬೀಳುತ್ತದೆ. ಗುರ್ ಅಂದಾಗ ಮಾಡಬೇಕಾದ್ದು ಮರಿಯನ್ನು ಸದ್ದಿಲ್ಲದೆ ದೂರ ಒಯ್ಯುವುದು. ಯಾಕೆ ಗುರ್ ಅಂದಿತು, ಎಷ್ಟು ಹತ್ತಿರ ಬಂದಾಗ ಅಂದಿತು ಎಂಬುದನ್ನು ನೆನಪಿಟ್ಟುಕೊಳ್ಳುವುದು. ಆ ದೂರವೇ ನಮ್ಮ ಕೆಲಸ ಶುರುವಾಗಬೇಕಾದ ಗೆರೆ.

ಮೊದಲ ಭೇಟಿ ಅಂಗಳದಲ್ಲಿ ಬೇಡ, ಅದು ಹಳೇ ನಾಯಿಯ ರಾಜ್ಯ. ಊರಾಚೆಯ ಗದ್ದೆ ಬಯಲೋ ಖಾಲಿ ರಸ್ತೆಯೋ ಆಗಲಿ. ಇಬ್ಬರು ಬೇಕು, ಒಬ್ಬೊಬ್ಬರ ಕೈಯಲ್ಲಿ ಒಂದೊಂದು ನಾಯಿ. ಹಗ್ಗ ಸಡಿಲವಾಗಿರಬೇಕು, ಬಿಗಿ ಹಿಡಿದರೆ ನಮ್ಮ ಆತಂಕ ಹಗ್ಗದ ಮೂಲಕ ನಾಯಿಗೆ ಹರಿಯುತ್ತದೆ. ಹತ್ತು ಹದಿನೈದು ಹೆಜ್ಜೆ ಅಂತರದಲ್ಲಿ ಒಂದೇ ದಿಕ್ಕಿಗೆ ನಡೆಯುತ್ತ ಹೋಗಿ, ನಿಧಾನಕ್ಕೆ ಅಂತರ ಕಡಿಮೆ ಮಾಡಿ. ಮೂತಿಗೆ ಮೂತಿ ಹಚ್ಚಿ "ನೋಡೋ, ನಿನ್ನ ತಮ್ಮ" ಎಂದು ಪರಿಚಯಿಸುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಎದುರುಬದುರು ದಿಟ್ಟಿಸುವುದು ನಾಯಿಗಳಲ್ಲಿ ಸವಾಲು. ಪಕ್ಕದಿಂದ ಬಂದು ಹಿಂಭಾಗ ಮೂಸುವುದು ಅವುಗಳ ಮರ್ಯಾದೆ. ವಾಪಸು ಬರುವಾಗ ಇಬ್ಬರೂ ಒಟ್ಟಿಗೆ ಮನೆಯೊಳಗೆ ಕಾಲಿಟ್ಟರೆ ಅರ್ಧ ಕೆಲಸ ಆದಂತೆ.

ಉಳಿದರ್ಧ ಮನೆಯಲ್ಲಿ ನಡೆಯಬೇಕು, ಅದಕ್ಕೆ ವಾರಗಳು ಬೇಕು. ಕರಿಯನ ಮನೆಯಲ್ಲಿ ನಡೆಯುತ್ತಿದ್ದ ಪಾಠವನ್ನು ತಿರುವುಮುರುವು ಮಾಡಬೇಕು. ಮರಿ ಕಣ್ಣಿಗೆ ಬಿದ್ದ ಕ್ಷಣ ಹಳೇ ನಾಯಿಗೆ ಒಳ್ಳೆಯದೇನಾದರೂ ಸಿಗಬೇಕು: ಬೇಯಿಸಿದ ಮೊಟ್ಟೆಯ ಚೂರು, ಕೋಳಿಯ ಮೂಳೆ ತೆಗೆದ ತುಣುಕು, ಮಾಂಸ ತಿನ್ನದ ಮನೆಯಾದರೆ ತುಪ್ಪ ಸವರಿದ ರೊಟ್ಟಿ. ಮರಿ ಒಳಗೆ ಹೋದೊಡನೆ ತಿನಿಸೂ ನಿಲ್ಲಬೇಕು, ಮುದ್ದೂ ನಿಲ್ಲಬೇಕು. ಮರಿ ಮತ್ತೆ ಬಂದಿತೇ, ತಿನಿಸು ಮತ್ತೆ ಶುರು. ದಿನಕ್ಕೆ ಎರಡು ಮೂರು ಬಾರಿ, ಐದೈದು ನಿಮಿಷ ಸಾಕು. ದೂರ ಎಷ್ಟಿರಬೇಕೆಂದರೆ ಹಳೇ ನಾಯಿ ಮರಿಯನ್ನು ನೋಡಿಯೂ ನೆಮ್ಮದಿಯಿಂದ ತಿನ್ನುವಷ್ಟು. ತಿನ್ನುವುದು ಬಿಟ್ಟು ದಿಟ್ಟಿಸತೊಡಗಿದರೆ ನಾವು ಹತ್ತಿರ ಬಂದದ್ದು ಹೆಚ್ಚಾಯಿತೆಂದು ತಿಳಿದು ಹಿಂದೆ ಸರಿಯಬೇಕು. ಒಂದು ದಿನ ಮರಿ ಬಂದಾಗ ಹಳೇ ನಾಯಿ ಗುರ್ ಅನ್ನುವ ಬದಲು ನಿಮ್ಮ ಮುಖ ನೋಡಿ ಬಾಲ ಆಡಿಸುತ್ತದೆ. ಆ ನೋಟ ಕಂಡವರಿಗೆ ಗೊತ್ತು, ಅದಕ್ಕಿಂತ ದೊಡ್ಡ ಸಮಾಧಾನ ಈ ಕೆಲಸದಲ್ಲಿ ಇಲ್ಲ.

ಜೊತೆಗೆ ಒಂದು ಗೋಣಿಚೀಲ ಹಾಸಿ ಅದು ಹಳೇ ನಾಯಿಯ ಜಾಗ ಎಂದು ಗೊತ್ತುಮಾಡಿ. ಅದರ ಮೇಲೆ ಕೂತಾಗಲೇ ಮುದ್ದು, ತಿನಿಸು. ತಳ್ಳಿಕೊಂಡು, ನಡುವೆ ತೂರಿಕೊಂಡು ಬಂದಾಗ ಬೈಯುವುದು ಬೇಡ, ಸವರುವುದೂ ಬೇಡ. ಎದ್ದು ನಿಂತು ಮುಖ ತಿರುಗಿಸಿದರೆ ಸಾಕು. ಗೋಣಿಯ ಮೇಲೆ ಹೋಗಿ ಕೂತೊಡನೆ ಹೆಸರು ಹಿಡಿದು ಕರೆದು ಸವರಿ. ನೂಕಿ ಪಡೆಯುವುದಕ್ಕಿಂತ ಕೂತು ಪಡೆಯುವುದು ಸುಲಭ ಎಂದು ನಾಯಿ ಬಹಳ ಬೇಗ ಕಂಡುಕೊಳ್ಳುತ್ತದೆ. ಆ ಗೋಣಿಯ ಮೇಲೆ ಮರಿ ಹತ್ತಕೂಡದು. ಹಳೇ ನಾಯಿ ಉಂಡು ಮಲಗಿದಾಗ ಮರಿ ಬಾಲ ಕಚ್ಚಿ ಕಾಡುತ್ತಿದ್ದರೆ "ಆಟ ಆಡ್ತಿದಾವೆ" ಎಂದು ನಗುತ್ತ ಕೂರಬಾರದು. ಹಳೇ ನಾಯಿಗೆ ತಪ್ಪಿಸಿಕೊಳ್ಳಲು ಒಂದು ಜಾಗ ಇರಲೇಬೇಕು.

ನಮ್ಮ ಕಡೆ ನಾಯಿಯನ್ನು ಹಗಲೆಲ್ಲ ಸರಪಳಿಯಲ್ಲಿ ಕಟ್ಟಿ ರಾತ್ರಿ ಬಿಡುವುದು ರೂಢಿ. ಈ ರೂಢಿ ಜಗಳಕ್ಕೆ ಬೆಂಕಿ ಹಾಕುತ್ತದೆ. ಕಟ್ಟಿದ ನಾಯಿಗೆ ಎದ್ದು ದೂರ ಹೋಗುವ ದಾರಿಯಿಲ್ಲ. ಬಿಟ್ಟ ಮರಿ ಅದರ ಸರಪಳಿಯ ಸುತ್ತಿನೊಳಗೆ ನುಗ್ಗಿ ಹೊರಬರುತ್ತಿರುತ್ತದೆ. ದಿನವಿಡೀ ಕಟ್ಟಿಟ್ಟ ಸಿಟ್ಟು ಸಂಜೆ ಸರಪಳಿ ಬಿಚ್ಚಿದ ಕೂಡಲೇ ಮರಿಯ ಮೇಲೆ ತಿರುಗುತ್ತದೆ. ಕಟ್ಟಲೇಬೇಕಾದರೆ ಒಂದರ ತಟ್ಟೆ ಇನ್ನೊಂದಕ್ಕೆ ಕಾಣದಷ್ಟು ದೂರ ಕಟ್ಟಿ, ಬಿಡುವ ಮುನ್ನ ಹಳೇ ನಾಯಿಯನ್ನು ಅರ್ಧ ಗಂಟೆ ನಡೆದಾಡಿಸಿ. ಊಟ ಯಾವತ್ತೂ ಬೇರೆ ಬೇರೆ ಕಡೆ, ಸಾಧ್ಯವಾದರೆ ನಡುವೆ ಒಂದು ಬಾಗಿಲು. ಉಂಡಾದ ಮೇಲೆ ತಟ್ಟೆ ಎತ್ತಿಬಿಡಿ. ಮೂಳೆಯನ್ನು ಇಬ್ಬರ ನಡುವೆ ಎಸೆಯುವುದು, ಮಕ್ಕಳು ಬಿಸ್ಕತ್ತು ಚೆಲ್ಲಿ ಯಾರು ಮೊದಲು ಹಿಡಿಯುತ್ತಾರೆಂದು ನೋಡುವುದು, ಬೈಕಿನ ಸದ್ದಿಗೆ ಗೇಟಿನ ಬಳಿ ಎರಡೂ ಹಾರಾಡುವಾಗ ಅಲ್ಲೇ ನಿಂತು ಮಾತಾಡಿಸುವುದು, ಈ ಮೂರನ್ನು ಬಿಟ್ಟ ಮನೆಗಳಲ್ಲಿ ಜಗಳ ಎದ್ದು ಕಾಣುವಷ್ಟು ಇಳಿಯುತ್ತದೆ. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದವರು ಒಂದೇ ಮನೆಯಲ್ಲಿದ್ದು ಕಚ್ಚಾಡುವ 38 ಜೋಡಿ ನಾಯಿಗಳನ್ನು ಗಮನಿಸಿ 2011ರಲ್ಲಿ ಬರೆದ ವರದಿಯಲ್ಲಿಯೂ ಜಗಳ ಹತ್ತಿಸುವ ಮುಖ್ಯ ಕಾರಣಗಳು ಇವೇ: ಯಜಮಾನರ ಗಮನ, ಅನ್ನ, ಅತಿ ಸಂಭ್ರಮ, ಬಿದ್ದು ಸಿಕ್ಕ ವಸ್ತು. ಹೆಚ್ಚಿನ ಜೋಡಿಗಳು ಒಂದೇ ಲಿಂಗದವು, ಅದರಲ್ಲೂ ಹೆಣ್ಣುಗಳು ಹೆಚ್ಚು. ಕೆಣಕಿದ್ದು ಬಹುಪಾಲು ಸಂದರ್ಭಗಳಲ್ಲಿ ಆಮೇಲೆ ಬಂದ, ಚಿಕ್ಕ ವಯಸ್ಸಿನ ನಾಯಿ. ನಾವು ಹಳೆಯದಕ್ಕೇ ಬೈಯುತ್ತ ಬಂದಿದ್ದೇವೆ. ಮನೆಯಲ್ಲಿ ಹೆಣ್ಣು ನಾಯಿ ಇದ್ದರೆ ಗಂಡು ಮರಿ ತರುವುದು ಜಾಣತನ, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವುದಾದರೆ.

ಮರಿಯನ್ನು ಯಾವ ವಯಸ್ಸಿಗೆ ತರುತ್ತೇವೆ ಎಂಬುದೂ ಮುಖ್ಯ. ಕಣ್ಣು ಬಿಟ್ಟು ಕುಂಟುತ್ತ ಓಡಾಡತೊಡಗಿದ ಮರಿಯನ್ನು ಮೂರು ನಾಲ್ಕು ವಾರಕ್ಕೇ ತಾಯಿಯಿಂದ ಬಿಡಿಸಿ ತರುತ್ತಾರೆ. ಎಷ್ಟು ಜೋರಾಗಿ ಕಚ್ಚಿದರೆ ಇನ್ನೊಬ್ಬರಿಗೆ ನೋವು, ದೊಡ್ಡ ನಾಯಿ ಗುರ್ ಅಂದರೆ ಹೇಗೆ ಹಿಂದೆ ಸರಿಯಬೇಕು ಎಂಬ ನಡತೆಯನ್ನು ಮರಿ ಕಲಿಯುವುದು ಅದರ ನಂತರದ ವಾರಗಳಲ್ಲಿ, ತಾಯಿಯಿಂದ, ಒಡಹುಟ್ಟಿದವರಿಂದ. ಅದನ್ನು ಕಲಿಯದ ಮರಿ ಹಳೇ ನಾಯಿಯ ಎಚ್ಚರಿಕೆಯನ್ನು ಓದಲಾರದು, ಮೇಲೆ ಬಿದ್ದು ಏಟು ತಿನ್ನುತ್ತದೆ. ಎಂಟು ವಾರ ತುಂಬಲಿ, ಆಮೇಲೆ ತನ್ನಿ.

ಎಲ್ಲ ಕಚ್ಚಾಟವೂ ಮತ್ಸರವಲ್ಲ. ಕಾರ್ತಿಕದಲ್ಲಿ ಗಂಡು ನಾಯಿಗಳು ಕಾದಾಡುವುದು ಹೆಣ್ಣಿಗಾಗಿ. ದೀಪಾವಳಿಯಿಂದ ಶುರುವಾಗಿ ಊರಿಂದ ಊರಿಗೆ ಸಾಗುವ ಹೋರಿ ಹಬ್ಬದ ದಿನಗಳಲ್ಲಿ ಪಟಾಕಿ, ಜನರ ಕೂಗಾಟಕ್ಕೆ ಬೆದರಿದ ನಾಯಿ ಪಕ್ಕದಲ್ಲಿದ್ದುದರ ಮೇಲೆ ಎರಗಬಹುದು. ಆ ದಿನಗಳಲ್ಲಿ ಹೊಸ ಮರಿಯನ್ನು ಮನೆಗೆ ತರಲೇಬಾರದು. ಮೈಯಲ್ಲಿ ನೋವಿದ್ದರಂತೂ ಸಹನೆ ಉಳಿಯುವುದಿಲ್ಲ. ಉಣುಗಿನಿಂದ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದ ಕ್ಯಾಸನೂರು ಸೊರಬ ತಾಲ್ಲೂಕಿನದೇ. ಉಣುಗು ಎಂದರೆ ಏನೆಂದು ಇಲ್ಲಿನವರಿಗೆ ಹೇಳಿಕೊಡಬೇಕಿಲ್ಲ. ಕಾಡಂಚಿನಲ್ಲಿ ತಿರುಗಿ ಬಂದ ನಾಯಿಯ ಕಿವಿಯೊಳಗೆ, ಬೆರಳ ಸಂದಿಯಲ್ಲಿ ಉಣುಗು ಕಚ್ಚಿಕೊಂಡಿದ್ದರೆ ತುರಿಕೆ, ಜ್ವರ, ನಿಶ್ಶಕ್ತಿ ಎಲ್ಲ ಸೇರಿ ಅದು ಯಾರನ್ನೂ ಹತ್ತಿರ ಸೇರಿಸುವುದಿಲ್ಲ. ಕಿವಿ ಸೋರುವುದು, ಹಲ್ಲು ನೋವು, ಸೊಂಟ ಹಿಡಿಯುವುದು, ಕಣ್ಣು ಮಂಜಾಗುವುದು ಇವೆಲ್ಲ ಮುದಿ ನಾಯಿಗಳಲ್ಲಿ ಸಾಮಾನ್ಯ. ವರ್ಷಗಟ್ಟಲೆ ಸುಮ್ಮನಿದ್ದ ನಾಯಿ ಈಚೆಗೆ ಕೆರಳತೊಡಗಿದ್ದರೆ ಮೊದಲು ತಾಲ್ಲೂಕು ಪಶು ಆಸ್ಪತ್ರೆಗೆ ತೋರಿಸಿ, ಅಲ್ಲಿ ತಿಳಿಯದಿದ್ದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಒಯ್ಯಿರಿ. ಚುಚ್ಚುಮದ್ದು ಆಗಿರದ ನಾಯಿ ಒಂದೆರಡು ದಿನದಲ್ಲೇ ಗುರುತು ಸಿಗದಷ್ಟು ಬದಲಾಗಿ, ಕಂಡದ್ದನ್ನೆಲ್ಲ ಕಚ್ಚುತ್ತಿದ್ದರೆ, ಜೊಲ್ಲು ಸುರಿಸುತ್ತಿದ್ದರೆ, ನೀರು ನುಂಗಲು ಆಗದಿದ್ದರೆ ಅದನ್ನು ಮತ್ಸರ ಎಂದುಕೊಳ್ಳುವ ಅಪಾಯಕ್ಕೆ ಹೋಗಬೇಡಿ. ಅದು ರೇಬೀಸ್ ಇರಬಹುದು. ಹತ್ತಿರ ಹೋಗದೆ ಪಶುವೈದ್ಯರಿಗೆ ತಿಳಿಸಿ.

ಪೇಟೆಯವರ ಕಷ್ಟ ಸ್ವಲ್ಪ ಬೇರೆ. ಶಿಕಾರಿಪುರದಲ್ಲಿ ಬೆಳಿಗ್ಗೆ ಹುಚ್ಚರಾಯನ ಕೆರೆ ಕಡೆ ಲ್ಯಾಬ್ರಡಾರನ್ನೋ ಪಮೇರಿಯನ್ನನ್ನೋ ಹಿಡಿದು ಹೊರಟವರಿಗೆ ಬೀದಿನಾಯಿ ಎದುರಾಗುತ್ತದೆ. ಯಜಮಾನ ಅದಕ್ಕೊಂದು ಬಿಸ್ಕತ್ತು ಹಾಕಿದರೆ ಸಾಕು, ಹಗ್ಗದಲ್ಲಿರುವುದು ಹುಚ್ಚೆದ್ದು ಬೊಗಳುತ್ತದೆ. ಇಲ್ಲಿ ಹಗ್ಗ ಜಗ್ಗಿ ಗದರಿದಷ್ಟೂ ಕೆಡುತ್ತದೆ. ಎದುರಿಗೆ ಹೋಗದೆ ಬಿಲ್ಲಿನಂತೆ ಬಳಸಿ ನಡೆಯಿರಿ, ನಿಮ್ಮ ನಾಯಿ ಆ ಕಡೆ ನೋಡಿಯೂ ಬೊಗಳದಿದ್ದ ಆ ಒಂದು ಗಳಿಗೆಯಲ್ಲೇ ಹೆಸರು ಕರೆದು ತಿನಿಸು ಕೊಡಿ. ಬೀದಿನಾಯಿಗೆ ಅನ್ನ ಹಾಕುವುದು ಒಳ್ಳೆಯ ಕೆಲಸವೇ. ಅದನ್ನು ನಿಮ್ಮ ನಾಯಿಯನ್ನು ಮನೆಯಲ್ಲಿ ಬಿಟ್ಟು ಹೋದಾಗ ಮಾಡಿ.

ಜಗಳ ಹತ್ತಿಯೇಬಿಟ್ಟರೆ ಕೈ ನಡುವೆ ಹಾಕಬೇಡಿ, ಕೊರಳಪಟ್ಟಿಗೂ ಕೈ ಚಾಚಬೇಡಿ. ನಾಯಿ ಆ ಹೊತ್ತಿನಲ್ಲಿ ಯಾರ ಕೈ ಎಂದು ನೋಡುವುದಿಲ್ಲ. ಒಂದು ಕೊಡ ನೀರು ಸುರಿಯಿರಿ, ಕಂಬಳಿ ಬೀಸಿ ಮುಚ್ಚಿ, ನಡುವೆ ಹಲಗೆ ತೂರಿಸಿ. ಬಿಡಿಸಿದ ಮೇಲೆ ಆ ದಿನವೆಲ್ಲ ಬೇರೆ ಇಡಿ. ಐದು ನಿಮಿಷಕ್ಕೇ "ಈಗ ಸರಿಯಾದ್ವು" ಎಂದು ಬಿಟ್ಟರೆ ಎರಡನೆಯ ಸುತ್ತು ಮೊದಲಿನದಕ್ಕಿಂತ ಜೋರು. ಮನುಷ್ಯರಿಗೆ ಹಲ್ಲು ತಾಗಿದ್ದರೆ, ಅದು ಮನೆಯ ನಾಯಿಯದೇ ಆಗಿರಲಿ, ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆದು ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ ಹಚ್ಚಬೇಡಿ.

ಇಷ್ಟೆಲ್ಲ ಮಾಡಿಯೂ ಎರಡು ಮೂರು ತಿಂಗಳಲ್ಲಿ ಏನೂ ಸುಧಾರಿಸದ, ಪ್ರತಿ ಸಲವೂ ಹೊಲಿಗೆ ಹಾಕಿಸುವಷ್ಟು ಗಾಯವಾಗುವ ಜೋಡಿಗಳು ಇವೆ. ಅಂಥವನ್ನು ಒಂದೇ ಅಂಗಳದಲ್ಲಿ ಬಿಟ್ಟು "ಹೊಂದಿಕೊಳ್ತವೆ" ಎಂದು ಕಾಯುವುದು ಎರಡಕ್ಕೂ ಹಿಂಸೆ. ಒಂದು ತೋಟದ ಮನೆಯಲ್ಲಿ, ಒಂದು ಊರಮನೆಯಲ್ಲಿ ಇರಲಿ. ಅಥವಾ ರಾತ್ರಿ ಕಾವಲಿಗೆ ದಿನ ಬಿಟ್ಟು ದಿನ ಬಿಡಿ. ಅದೂ ಆಗದಿದ್ದರೆ ನಾಯಿಯಿಲ್ಲದ ನೆಂಟರ ಮನೆ ಹುಡುಕಿ ಮರಿಯನ್ನು ಕೊಡಿ. ಚಂದ್ರಗುತ್ತಿ ಕಾಡಿನ ದಾರಿಯಲ್ಲೋ ಅಂಜನಾಪುರ ಡ್ಯಾಮಿನ ಬಳಿಯೋ ರಾತ್ರಿ ಇಳಿಸಿ ಬರುವುದು ಕೊಡುವುದಲ್ಲ, ಕೊಲ್ಲುವುದು. ಒಯ್ಯುವವರಿಗೆ ಇದ್ದದ್ದನ್ನು ಇದ್ದಂತೆ ಹೇಳಿ: ಒಂಟಿಯಾಗಿದ್ದರೆ ಒಳ್ಳೆಯ ನಾಯಿ, ಇನ್ನೊಂದು ನಾಯಿಯ ಜೊತೆ ಆಗುವುದಿಲ್ಲ, ಅನ್ನದ ಹೊತ್ತಿನಲ್ಲಿ ಮಕ್ಕಳನ್ನು ಹತ್ತಿರ ಬಿಡಬೇಡಿ. ಚುಚ್ಚುಮದ್ದಿನ ಚೀಟಿಯನ್ನೂ, ಅದು ಮಲಗುತ್ತಿದ್ದ ಗೋಣಿಯನ್ನೂ ಜೊತೆಗೇ ಕಳಿಸಿ. ಹೊಸ ಜಾಗದಲ್ಲಿ ಮೊದಲ ರಾತ್ರಿ ಅದಕ್ಕೆ ಗೊತ್ತಿರುವ ವಾಸನೆ ಅದೊಂದೇ.